ಪಾಪ ಆಂಟಿ

ನನ್ನ ಮಗಳಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಅವಳೆದುರು ಏನು ಬೇಕಾದರೂ ಮಾತಾಡುತ್ತಿದ್ದೆ. ಡಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ, ಹೋಗಲು ಶುರು ಮಾಡಿದ ಮೇಲೆ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲೇ ಉತ್ತರ ಕೊಡುತ್ತಿದ್ದಳು. ಬಾಯಿಗೆ ಬಾರದ ಭಾಷೆ ಕಿವಿಗೂ ಬೀಳುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಗೋಡೆಗೂ ಕಿವಿ ಇರುತ್ತೆ ಎಂದು ಬೆಂಗಳೂರಿನಲ್ಲಿ ನಮ್ಮಮ್ಮ ದನಿ ತಗ್ಗಿಸುತ್ತಿದ್ದಳು. ಇಲ್ಲಿ ಸ್ವೀಡನ್ನಿನ ಸೊಲ್ಲೆಂಟುನಾ ಊರಿನ ನಮ್ಮ ಫ್ಲ್ಯಾಟಿನ ಗೋಡೆಗಳಿಗೆ ಕನ್ನಡ ಎಲ್ಲಿಂದ ಬರಬೇಕು ಎಂದು ನಾನು ಆರಾಮವಾಗಿದ್ದೆ.

ನಾವು ಮೂವರು ಗೆಳತಿಯರು. ನಾನು, ಹುಬ್ಬಳ್ಳಿಯವಳು, ಮೈಸೂರಿನವಳು. ಹೆಸರು ಬೇಡ, ಈ ಕಥೆಯಲ್ಲಿ ಹೆಸರಿನಿಂದಲೇ ಸಾಕಷ್ಟು ಅನಾಹುತವಾಗಿದೆ. ಮೂವರೂ ಒಂದೇ ಚಳಿಗಾಲದಲ್ಲಿ ಗಂಡಂದಿರ ಹಿಂದೆಯೋ ಮುಂದೆಯೋ ವರ್ಕ್ ಪರ್ಮಿಟ್ ಹಿಡಿದು ಬಂದವರು. ಮೂವರ ಆಫೀಸೂ ಹತ್ತಿರದ ಶಿಸ್ತಾ ಎಂಬ ಊರಿನಲ್ಲಿ. ಮೈಸೂರಿನವಳ ಗಂಡ ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು ಹೊರಟುಹೋದ. ಮೊದಲು ನಾನು ಹೋಗಿ ಮನೆ ನೋಡ್ತೀನಿ, ಆಮೇಲೆ ನೀನು ಬಾ ಎಂದಿದ್ದನಂತೆ. ಆಮೇಲೆ ಬಂದದ್ದು ವಕೀಲರ ಪತ್ರ. ಅವಳು ಅತ್ತು ಕರೆದು ಊರಿಗೆ ಓಡಲಿಲ್ಲ. ಅದೇ ಫ್ಲ್ಯಾಟಿನಲ್ಲಿ ಉಳಿದುಕೊಂಡಳು, ಅದೇ ಕೆಲಸಕ್ಕೆ ಹೋಗುತ್ತಿದ್ದಳು.

ಅಂದಿನಿಂದ ನನಗೂ ಹುಬ್ಬಳ್ಳಿಯವಳಿಗೂ ಸಂಜೆಯ ಮಾತಿಗೆ ವಿಷಯ ಸಿಕ್ಕಿತು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಸಾರಿಗೆ ಬೇಳೆ ಇಡುವುದು, ಆ ಕಡೆ ಅವಳು ಚಪಾತಿ ಲಟ್ಟಿಸುವುದು, ನಡುವೆ ಮೈಸೂರಿನವಳು. ಪಾಪ, ಒಬ್ಬಳೇ ಇರ್ತಾಳೆ. ಪಾಪ, ಹಬ್ಬಕ್ಕೆ ಕರೆದ್ರೆ ಬರಲ್ಲ. ಪಾಪ, ಬಂದ್ಲು, ಆದ್ರೆ ಮುಖ ನೋಡೋಕೆ ಆಗ್ಲಿಲ್ಲ. ಬಂದರೂ ಪಾಪ, ಬರದಿದ್ದರೂ ಪಾಪ. ಹೊಸ ಕೋಟು ತೊಟ್ಟರೆ, ಪಾಪ, ಮನಸ್ಸಿಗೆ ಸಮಾಧಾನ ಬೇಕಲ್ಲ. ಹೆಸರು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಪಾಪ ಎಂದರೆ ಸಾಕು, ಯಾರ ವಿಷಯ ಎಂದು ಇಬ್ಬರಿಗೂ ಗೊತ್ತಾಗುತ್ತಿತ್ತು. ಮಗಳು ಅದೇ ಮೇಜಿನ ಮೇಲೆ ಬಣ್ಣದ ಪೆನ್ಸಿಲ್ ಹರಡಿಕೊಂಡು ಕುದುರೆ ಬರೆಯುತ್ತಿದ್ದಳು.

ಅದು ಮರುಕ ಎಂದೇ ನಾನು ನಂಬಿದ್ದೆ. ಈಗ ನೆನೆದರೆ ಮೈ ಮುದುಡುತ್ತದೆ. ಆ ಫೋನ್ ಇಟ್ಟ ಮೇಲೆ ನನಗೆ ಹಗುರಾಗುತ್ತಿತ್ತು. ನಮ್ಮ ಮನೆಯಲ್ಲೂ ಗಂಡ ಒಂದು ಲ್ಯಾಪ್‌ಟಾಪ್ ಹಿಂದೆ, ನಾನು ಇನ್ನೊಂದರ ಹಿಂದೆ. ಕಸ ಯಾರು ಹಾಕಬೇಕು ಎಂಬುದನ್ನು ಬಿಟ್ಟು ಬೇರೆ ಮಾತಿಲ್ಲದ ವಾರಗಳಿದ್ದವು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುತ್ತಾರಲ್ಲ, ಆ ಪೈಕಿ ನಾನು. ಅವಳ ಪಾಡು ಕಂಡಾಗ ನನ್ನ ಸಂಸಾರ ಚೆನ್ನಾಗಿಯೇ ಇದೆ ಅನ್ನಿಸುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವಳೇ ಒಂದು ದಿನ ಫಿಕಾ ಎಂಬ ಇಲ್ಲಿಯ ಕಾಫಿ ಬಿಡುವಿನ ಹೊತ್ತಿಗೆ ಕಪ್ಪು ಹಿಡಿದು ಕೇಳಿದಳು. "ಫೆಬ್ರವರೀಲಿ ಐಸ್ ಕೊರೆದು ಈಜೋದು ಒಂದಿದೆ. ಮನೇಲಿ ಹೊಡೆತ ತಿಂದು ಹೊರಗೆ ಬಂದಿರೋ ಹೆಂಗಸ್ರಿಗೆ, ಮಕ್ಕಳಿಗೆ ಇರೋಕೆ ಜಾಗ ಕೊಡ್ತಾರಲ್ಲ, ಅವ್ರಿಗೆ ದುಡ್ಡು ಕೂಡಿಸೋಕೆ. ನಾನು ಹೋಗ್ತಿದೀನಿ. ನೀವೂ ಬರ್ತೀರಾ?"

ನಾನೂ ಹುಬ್ಬಳ್ಳಿಯವಳೂ ಮುಖ ಮುಖ ನೋಡಿಕೊಂಡೆವು. ಸಂಜೆ ಫೋನಿನಲ್ಲಿ ತೀರ್ಮಾನವಾಯಿತು. ಪಾಪ, ಒಬ್ಬಳನ್ನೇ ಹೇಗೆ ಕಳಿಸೋದು. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ನಾನೇ ಬರೆದೆ: ಕಷ್ಟದಲ್ಲಿರುವ ಒಬ್ಬ ಗೆಳತಿಯ ಜೊತೆ ನಿಲ್ಲುವುದಕ್ಕಾಗಿ ಈ ಸವಾಲು ತೆಗೆದುಕೊಂಡಿದ್ದೇವೆ, ನಿಮ್ಮ ಕೈಲಾದ ನೆರವು ಕೊಡಿ. ಹೃದಯದ ಚಿತ್ರಗಳು, ಕೈಮುಗಿದ ಚಿತ್ರಗಳು ಸುರಿದವು. ಆ ಗುಂಪಿನಲ್ಲಿ ಅವಳೂ ಇದ್ದಾಳೆ ಎಂಬುದು ಬರೆಯುವಾಗ ನನಗೆ ಹೊಳೆಯಲೇ ಇಲ್ಲ. ಅವಳು ಏನೂ ಬರೆಯಲಿಲ್ಲ.

ಅವಳು ಎರಡು ಚಳಿಗಾಲದಿಂದ ಪ್ರತಿ ಶನಿವಾರ ಆ ನೀರಿಗೆ ಇಳಿಯುತ್ತಿದ್ದಾಳೆ ಎಂದು ನಮಗೆ ತಿಳಿದದ್ದು ಆ ದಿನ ಬೆಳಗ್ಗೆ, ಕಾರಿನಲ್ಲಿ. ಹಬ್ಬಕ್ಕೆ ಬರಲಿಲ್ಲ ಎಂದು ನಾವು ಮರುಗಿದ ಎಷ್ಟೋ ಶನಿವಾರ ಅವಳು ಅಲ್ಲಿಯ ಹೆಂಗಸರೊಂದಿಗೆ ಸೌನಾ ಎಂಬ ಬಿಸಿ ಹಬೆಯ ಕೋಣೆಯಲ್ಲಿ ಕೂತು ನಗುತ್ತಿದ್ದಳಂತೆ. ಕಾರು ಓಡಿಸುತ್ತಿದ್ದ ನನ್ನ ಗಂಡ ತಮಾಷೆಗೆ, "ಮುಳುಗಿದ್ರೆ ಪಾಪ ಹೋಗುತ್ತೆ, ಮೂರೂ ಜನ ಚೆನ್ನಾಗಿ ಮುಳುಗಿ ಬನ್ನಿ" ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೈಸೂರಿನವಳು.

ಕೊಲ್ಲಿಯ ನೀರು ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು. ಮರದ ಕಟ್ಟೆಯ ಪಕ್ಕ ಐಸನ್ನು ಉದ್ದಕ್ಕೆ ಕೊಯ್ದು ಕಾಲುವೆಯ ಹಾಗೆ ಮಾಡಿದ್ದರು, ಈ ತುದಿಗೊಂದು ಏಣಿ, ಆ ತುದಿಗೊಂದು. ನೀರು ಕಡುಕಪ್ಪು. ಒಂದು ಏಣಿಯಿಂದ ಇಳಿದು ಇನ್ನೊಂದರವರೆಗೆ ಈಜಬೇಕು, ಅಷ್ಟೇ. ತಲೆಗೆ ಉಣ್ಣೆ ಟೋಪಿ, ಕಾಲಿಗೆ ರಬ್ಬರಿನ ಸಾಕ್ಸು, ನಡುವೆ ಈಜುಡುಗೆ. ಆ ವೇಷದಲ್ಲಿ ನಾನು ಗಂಡನ ಕಣ್ಣು ತಪ್ಪಿಸಿ ನಿಂತಿದ್ದೆ. ದಪ್ಪ ಚಳಿ ಉಡುಪಿನಲ್ಲಿ ಉಂಡೆಯಾಗಿದ್ದ ಮಗಳು ಅಪ್ಪನ ಕೈ ಹಿಡಿದು ಕಟ್ಟೆಯ ತುದಿಯಲ್ಲಿದ್ದಳು.

ಹುಬ್ಬಳ್ಳಿಯವಳು ಮೊದಲು ಇಳಿದಳು. ನಮ್ಮ ನಡುವೆ ಯಾವಾಗಲೂ ಬೆಂಗಳೂರು ಕನ್ನಡವನ್ನೇ ಅಚ್ಚುಕಟ್ಟಾಗಿ ಆಡುವವಳು, ನೀರು ಸೊಂಟ ಮುಟ್ಟಿದ್ದೇ ತಡ, "ಯವ್ವಾ! ಸತ್ತೆನಲ್ಲೋ ಯಪ್ಪಾ!" ಎಂದು ಕೊಲ್ಲಿಯ ಆಚೆ ದಡಕ್ಕೆ ಕೇಳುವಂತೆ ಕಿರುಚಿದಳು. ಕಿರುಚುತ್ತಲೇ ಕೈಕಾಲು ಬಡಿದು ಆ ತುದಿ ಸೇರಿದಳು. ಸ್ವೀಡಿಷರು ಚಪ್ಪಾಳೆ ತಟ್ಟಿದರು.

ಆಮೇಲೆ ಮೈಸೂರಿನವಳು. ಮನೆಯ ಮೆಟ್ಟಿಲಿಳಿದ ಹಾಗೆ ಏಣಿ ಇಳಿದಳು. ಒಂದು ಉದ್ದನೆಯ ಉಸಿರು ಬಿಟ್ಟು, ಟೋಪಿ ನೆನೆಯದಂತೆ ತಲೆ ಎತ್ತಿ, ನಿಧಾನವಾಗಿ ಈಜತೊಡಗಿದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ನೋಡಿಯೇ ಇರಲಿಲ್ಲ, ಅಥವಾ ನೋಡುವ ಮನಸ್ಸು ನನಗೆ ಇರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಗ ನನ್ನ ಮಗಳು ಅಪ್ಪನ ಕೈ ಬಿಡಿಸಿಕೊಂಡು ಮುಂದೆ ಬಂದು, ಇಲ್ಲಿ ಆಟದಲ್ಲಿ ಹುರಿದುಂಬಿಸಲು ಕೂಗುತ್ತಾರಲ್ಲ, ಹಾಗೆ ಕೂಗಿದಳು.

"ಹೇಯಾ, ಪಾಪ ಆಂಟಿ! ಹೇಯಾ, ಪಾಪ ಆಂಟಿ!"

ಅದುವರೆಗೆ ಅವಳಿಗೆ ಎಲ್ಲರೂ ಬರೀ ಆಂಟಿ. ಅಂದು ಆಂಟಿಯರು ಗುಂಪಾಗಿ ಇದ್ದುದರಿಂದ ಯಾವ ಆಂಟಿ ಎಂದು ಹೇಳಲೇಬೇಕಾಯಿತು. ತನಗೆ ಗೊತ್ತಿದ್ದ ಹೆಸರನ್ನು ಹೇಳಿದಳು. ಭೂಮಿ ಬಾಯಿ ಬಿಡಲಿ ಎಂದು ನಾನು ಬೇಡಬೇಕಾಗಿರಲಿಲ್ಲ, ಐಸು ಬಾಯಿ ತೆರೆದುಕೊಂಡು ಎದುರಿಗೇ ಇತ್ತು. ಆದರೆ ಕಾಲು ಏಳಲಿಲ್ಲ.

ಕೈಯಲ್ಲಿ ಹಗ್ಗ ಹಿಡಿದು ಕಾವಲು ನಿಂತಿದ್ದ ಸ್ವೀಡಿಷ್ ಹೆಂಗಸಿಗೆ ಅದು ಬೇರೆಯೇ ಆಗಿ ಕೇಳಿಸಿತು. ಅವರ ಭಾಷೆಯಲ್ಲಿ ಪಪ್ಪಾ ಎಂದರೆ ಅಪ್ಪ. "ಏನು, ನೀನು ಇವಳ ಅಪ್ಪನಾ?" ಎಂದು ನೀರಿನಲ್ಲಿದ್ದವಳನ್ನು ಕೇಳಿದಳು. ಎಲ್ಲರೂ ನಕ್ಕರು. ಮೈಸೂರಿನವಳು ಏಣಿ ಹಿಡಿದು ಮೇಲೆ ಬಂದಳು. ಮೈಯಿಂದ ಹಬೆ ಏಳುತ್ತಿತ್ತು. ಟವೆಲ್ಲಿಗೂ ಕೈ ಚಾಚದೆ ಮಗಳ ಮುಂದೆ ಕೂತು ಮೆಲ್ಲಗೆ ಕೇಳಿದಳು.

"ನನ್ನ ಹೆಸರು ಹಂಗಂತ ಯಾರು ಹೇಳಿದ್ರು ಪುಟ್ಟಿ?"

ಮಗಳು ಎಂದಿನಂತೆ ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟಳು. ನಿನ್ನ ಹೆಸರು ಅದೇ ತಾನೇ, ಅಮ್ಮ ಫೋನಲ್ಲಿ ಯಾವಾಗಲೂ ಹಾಗೇ ಅನ್ನುತ್ತಾಳಲ್ಲ ಎಂದಳು. ಕನ್ನಡದಲ್ಲಿ ಹೇಳಿದ್ದರೆ ನಮ್ಮ ನಾಲ್ಕು ಜನಕ್ಕೆ ಮಾತ್ರ ತಿಳಿಯುತ್ತಿತ್ತು. ಈಗ ಕಟ್ಟೆಯ ಮೇಲಿದ್ದವರೆಲ್ಲ, ಅಮ್ಮ ಇಟ್ಟ ಹೆಸರು ಎಂದು ತಿಳಿದು ನನ್ನ ಕಡೆ ತಿರುಗಿ ಮುಗುಳ್ನಕ್ಕರು. ಆ ಪದಕ್ಕೆ ಅರ್ಥವೇನು ಎಂದು ಕಾವಲಿನ ಹೆಂಗಸು ಕೇಳಿದಳು. ಮೈಸೂರಿನವಳು ನನ್ನ ಮುಖ ನೋಡಿದಳು. ಆ ಒಂದು ಗಳಿಗೆಯಲ್ಲಿ ಅವಳು ಏನು ಬೇಕಾದರೂ ಹೇಳಬಹುದಿತ್ತು. "ಅದು ಮುದ್ದಿನ ಹೆಸರು" ಎಂದು ಸ್ವೀಡಿಷ್‌ನಲ್ಲಿ ಹೇಳಿ ಟವೆಲ್ ಎತ್ತಿಕೊಂಡಳು. ಅವಳು ನನ್ನ ಮಾನ ಮುಚ್ಚಿದಳು, ನನಗೆ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು.

ಮುಂದಿನ ಸರದಿ ನನ್ನದು. ಆಗಲ್ಲ ಎಂದು ಹೇಳಲು ಬಾಯಿ ಬರಲಿಲ್ಲ, ಇಳಿದೆ. ಕಿವಿಯವರೆಗೆ ಉರಿಯುತ್ತಿದ್ದ ಮುಖ ಹೊತ್ತು ಆ ನೀರಿಗೆ ಇಳಿದಾಗ ಎದೆಯಲ್ಲಿ ಉಸಿರು ಕಟ್ಟಿಹೋಯಿತು. ಸಾವಿರ ಸೂಜಿ ಚುಚ್ಚುತ್ತವೆ ಎನ್ನುತ್ತಾರೆ, ನನಗೆ ಹಾಗೇನೂ ಆಗಲಿಲ್ಲ. ಯಾರೋ ಕುತ್ತಿಗೆ ಹಿಸುಕಿದ ಹಾಗಾಯಿತು. ಏಣಿ ಹಿಡಿದ ಕೈ ಬಿಡಲು ಆಗಲಿಲ್ಲ. ಈಜು ಕಲಿತಿದ್ದೆ, ಬಿಸಿನೀರಿನ ಕೊಳದಲ್ಲಿ ಸಲೀಸಾಗಿ ಈಜುತ್ತಿದ್ದೆ. ಇಲ್ಲಿ ಮಾತ್ರ ಕಬ್ಬಿಣಕ್ಕೆ ಅಂಟಿಕೊಂಡುಬಿಟ್ಟೆ. ಟವೆಲ್ ಸುತ್ತಿಕೊಂಡಿದ್ದ ಮೈಸೂರಿನವಳು ಓಡಿ ಬಂದು ಏಣಿಯ ತುದಿಯಲ್ಲಿ ಮಂಡಿಯೂರಿದಳು.

"ಉಸಿರು ಬಿಡೇ. ಹಿಡ್ಕೋಬೇಡ, ಬಿಡು. ನನ್ನ ನೋಡು, ನನ್ನ ಮುಖ ನೋಡು."

ಆ ಮುಖವನ್ನೇ ನನಗೆ ನೋಡಲಾಗಲಿಲ್ಲ. ಕಣ್ಣು ಮುಚ್ಚಿ ಕುತ್ತಿಗೆಯವರೆಗೆ ಒಮ್ಮೆ ಮುಳುಗಿ, ಹಾಗೆಯೇ ಮೇಲೆ ಹತ್ತಿದೆ. ಕಾವಲಿನ ಹೆಂಗಸು ಪರವಾಗಿಲ್ಲ, ಮುಳುಗಿದರೂ ಸಾಕು, ಲೆಕ್ಕಕ್ಕೆ ಬಂತು ಎಂದಳು. ಹುಬ್ಬಳ್ಳಿಯವಳು ನನ್ನ ಹೆಗಲು ಹಿಡಿದು ನನ್ನ ಗಂಡನಿಗೆ ಕೂಗಿದಳು, "ಪಾಪ, ಹೆಂಗ್ ನಡಗಾಕತ್ತಾಳ ನೋಡ್ರಿ, ಆ ಟವೆಲ್ ಕೊಡ್ರಿ ಲಗೂನ!" ಕೂಗಿದವಳು ಅಲ್ಲಿಯೇ ನಾಲಿಗೆ ಕಚ್ಚಿಕೊಂಡಳು. ಆ ಎರಡಕ್ಷರ ನನ್ನ ತಲೆಯ ಮೇಲೆ ಬಿದ್ದಾಗ ಹೇಗಿರುತ್ತದೆ ಎಂದು ನನಗೆ ಮೊದಲ ಸಲ ತಿಳಿಯಿತು.

ಸೌನಾ ಕೋಣೆಯ ಬಿಸಿಯಲ್ಲಿ ಮೂವರೂ ಹಲಗೆಯ ಮೇಲೆ ಸಾಲಾಗಿ ಕೂತೆವು. ನಾನು ಒಲೆಯ ಕಲ್ಲುಗಳನ್ನೇ ನೋಡುತ್ತಿದ್ದೆ. ಕೊನೆಗೆ ಅವಳೇ ಕಲ್ಲಿಗೆ ಒಂದು ಸೌಟು ನೀರು ಸುರಿದು, "ನಿನ್ನ ಗಂಡನಿಗೆ ಹೇಳು, ಮುಳುಗಿದ್ರೂ ಹೋಗ್ಲಿಲ್ಲ ಅಂತ" ಎಂದಳು. ಹುಬ್ಬಳ್ಳಿಯವಳು ನಗಲು ಹೋಗಿ ಅತ್ತುಬಿಟ್ಟಳು. ನನಗೆ ಅಳುವುದಕ್ಕೂ ನಾಚಿಕೆಯಾಯಿತು. ಅತ್ತರೆ ಸಮಾಧಾನ ಮಾಡುವ ಕೆಲಸವೂ ಅವಳ ತಲೆಗೇ ಬೀಳುತ್ತಿತ್ತು.

ವಾಟ್ಸ್ಯಾಪ್ ಗುಂಪಿನಲ್ಲಿ ಆ ಸಂಜೆ ಶಭಾಷ್‌ಗಳು ಬಂದವು. ಈಜಿದ ಮೂವರು ವೀರವನಿತೆಯರು ಎಂದು ಯಾರೋ ಬರೆದರು. ಈಜಿದವರು ಇಬ್ಬರೇ, ನಾನು ಬರೀ ಮುಳುಗಿ ಎದ್ದೆ ಎಂದು ತಿದ್ದಿದೆ. ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಹೊಗಳಿದರು. ಒಳಗಿನ ಕೋಣೆಯಲ್ಲಿ ಮಲಗಿಸುವಾಗ, ಅದು ಆಂಟಿಯ ಹೆಸರಲ್ಲ ಎಂದು ನಾನು ತಿಳಿಸಿದ್ದಕ್ಕೆ ಮಗಳು ಕೇಳಿದಳು, ಹಾಗಾದರೆ ಪಾಪ ಅಂದರೇನು? ಬೇಸರದಲ್ಲಿರುವವರಿಗೆ ಹಾಗೆ ಅನ್ನುತ್ತಾರೆ ಎಂದೆ. ಅವಳಿಗೆ ಬೇಸರ ಆಗಿರಲಿಲ್ಲವಲ್ಲ, ಈಜುತ್ತಿದ್ದಳಲ್ಲ ಎಂದಳು ಮಗಳು. ನಾನು ದೀಪ ಆರಿಸಿ ಬಂದೆ.

ಮರುವಾರ ಕೋಡುಬಳೆ ಮಾಡಿಕೊಂಡು ಅವಳ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳ ಅಡುಗೆಮನೆಯಲ್ಲಿ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುತ್ತಿತ್ತು, ಕಿಟಕಿಯಲ್ಲಿ ಈಜುಡುಗೆ ಒಣಗುತ್ತಿತ್ತು. ನಾನು ಪಾಪ ಎಂದು ಕಲ್ಪಿಸಿಕೊಂಡಿದ್ದ ಮನೆ ಇದಲ್ಲ. ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

"ತಪ್ಪಾಯ್ತು ಕಣೇ" ಅಂದೆ. "ಕೆಟ್ಟ ಮನಸ್ಸಿಂದ ಅಂದಿದ್ದಲ್ಲ. ಪ್ರೀತಿಯಿಂದಾನೇ ಅಂದಿದ್ದು."

ಅವಳು ಕಾಫಿ ಬೆರೆಸುತ್ತಿದ್ದಳು. ಸಿಟ್ಟಿನ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವಳ ಹಾಗೆ ಕೇಳಿದಳು.

"ಒಂದ್ಸಲ ಎರಡ್ಸಲ ಅಂದಿದ್ರೆ ನಾನೂ ಪ್ರೀತಿ ಅಂದ್ಕೋತಿದ್ದೆ. ಮಗು ಅದನ್ನೇ ನನ್ನ ಹೆಸರು ಅಂದ್ಕೋಬೇಕಾದ್ರೆ, ನೀವಿಬ್ರೂ ಎಷ್ಟು ಸಲ ಅಂದಿರ್ಬೇಕು?"

ಅವಳು ಕೊಟ್ಟ ಕಾಫಿ ಲೋಟ ಪಕ್ಕಕ್ಕಿಟ್ಟು ನಾನು ಡಬ್ಬಿಯನ್ನು ಅವಳ ಕಡೆ ಸರಿಸಿದೆ. ಅವಳು ಕೋಡುಬಳೆಯ ಡಬ್ಬಿ ತೆರೆದು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ಚೆನ್ನಾಗಿದೆ" ಅಂದಳು. "ಕಾಫಿ ಆರುತ್ತೆ, ಕುಡಿ."