ಹಗ್ಗ ಕೊಡದವನು

ನಮ್ಮ ಅಕ್ಕಿಹೆಬ್ಬಾಳಿನ ಕಡೆ ಹಸು ಮಾರುವವರು ಅದರ ಹಗ್ಗ ಕೊಡುವುದಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿಯೂ ಜೊತೆಗೆ ಹೊರಟುಬಿಡುತ್ತಾಳೆ ಎಂಬ ನಂಬಿಕೆ. ಕೊಳ್ಳುವವರೇ ಹೊಸ ಹಗ್ಗ ತರಬೇಕು. ನನ್ನ ಚಿಕ್ಕಮ್ಮ ಮೋಸಹೋದದ್ದು ಈ ಒಂದು ಮಾತಿಗೆ.

ಅವಳ ಮೊಬೈಲಿಗೆ ಹಸುವಿನ ಫೋಟೋ ಬಂದಿತ್ತು. ತುಂಬಿದ ಕೆಚ್ಚಲು, ಮೈಮೇಲಿನ ಸುಳಿಯೂ ಶುಭದ್ದೇ, ಬೆಲೆ ಮಾತ್ರ ಯಾವ ಸಂತೆಯಲ್ಲೂ ಕೇಳದಷ್ಟು ಕಡಿಮೆ. ಮಾರುವವನು ನಾಗಮಂಗಲದ ಕಡೆಯವನಂತೆ. ವಿಡಿಯೋ ಕಾಲ್ ಮಾಡು ಎಂದರೆ ನೆಟ್‌ವರ್ಕ್ ಇಲ್ಲ ಎಂದ. ನಾಳೆ ಬಂದು ನೋಡುತ್ತೇವೆ ಎಂದರೆ, "ಸಂಜೆಗೇ ಬ್ಯಾರೆ ಪಾರ್ಟಿ ಬತ್ತಾವ್ರೆ, ಗಾಡಿ ಬಾಡಿಗೆ ಆಕ್ಬುಡಿ, ಈಗ್ಲೇ ಕಳಿಸ್ತೀನಿ" ಎಂದ. ನಾನು ಬೇಡವೇ ಬೇಡ ಅಂದೆ. ಅಷ್ಟರಲ್ಲಿ ಅವನು, "ಹಗ್ಗ ಮಾತ್ರ ಕೊಡಕಿಲ್ಲ ಕಣಕ್ಕ, ನಮ್ಮನೆ ಲಕ್ಷ್ಮಿ ಅದು" ಅಂದುಬಿಟ್ಟ. ಚಿಕ್ಕಮ್ಮ ಕರಗಿಹೋದಳು. "ಇಂಗೆ ಮಾತಾಡೋನು ಕಳ್ಳ ಆದಾನಾ?" ಎಂದು ನನ್ನ ಬಾಯಿ ಮುಚ್ಚಿಸಿ ದುಡ್ಡು ಕಳಿಸಿದಳು.

ಹಸು ಬರಲಿಲ್ಲ. ಚಿಕ್ಕಮ್ಮ ತಂದು ಕಟ್ಟಿದ್ದ ಹೊಸ ಹಗ್ಗ ಗೂಟದಲ್ಲೇ ಉಳಿಯಿತು. ಠಾಣೆಗೆ ದೂರು ಕೊಟ್ಟು ಬಂದೆವು. ಹೋದ ದುಡ್ಡಿಗಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಹಾಲಿನ ಡೈರಿಯವರ ನಗು. "ಏನಕ್ಕ, ಮೊಬೈಲ್ ಹಸ ಎಷ್ಟು ಲೀಟ್ರು ಕೊಡ್ತದೆ?" ಎಂದು ಕೇಳುತ್ತಿದ್ದರು. ಅವಳು ಡೈರಿಗೆ ಹೋಗುವುದನ್ನೇ ಬಿಟ್ಟಳು, ಹಾಲಿನ ಕ್ಯಾನು ನಾನೇ ಹೊತ್ತೆ. ಹೊತ್ತಾಗಲೆಲ್ಲ ಆ ಕಳ್ಳನ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದೆ. ಆ ಸಿಟ್ಟು ದೂರಿನಿಂದ ಆರುವಂಥದ್ದಲ್ಲ. ನಾಲ್ಕು ಜನರೆದುರು ಅವನ ಮಾನವೂ ಹೋಗಬೇಕಿತ್ತು.

ಕೊನೆಗೂ ಸಿಕ್ಕಿದ. ಒಂದು ದಿನ ನನ್ನ ಮೊಬೈಲಿಗೂ ಬಂತು ಅದೇ ಫೋಟೋ; ಬೇರೆ ನಂಬರು, ಈ ಸಲ ಪಾಂಡವಪುರದ ಹಸುವಂತೆ. ನಂಬರನ್ನು ಠಾಣೆಗೆ ಮುಟ್ಟಿಸಿ, ಸಂಜೆ ಚಿಕ್ಕಮ್ಮನ ಕೈ ಹಿಡಿದು ಡೈರಿಗೆ ಎಳೆದೊಯ್ದೆ. ಎಲ್ಲರೂ ಸಾಲಾಗಿ ನಿಂತಿರುವಾಗಲೇ ಸ್ಪೀಕರ್ ಹಾಕಿ, ಹಸು ಬೇಕಿತ್ತು ಎಂದು ಫೋನು ಮಾಡಿದೆ. ವಿಡಿಯೋದಲ್ಲಿ ತೋರಿಸು ಎಂದರೆ ನೆಟ್‌ವರ್ಕ್ ಇಲ್ಲ ಎಂದ. ಚಿಕ್ಕಮ್ಮ, "ಈಗ ಬ್ಯಾರೆ ಪಾರ್ಟಿ ಬತ್ತಾರೆ ನೋಡ್ರಿ" ಎಂದು ಪಿಸುಗುಟ್ಟಿದಳು. ಬಂದರು. "ಈಗ ಗಾಡಿ ಬಾಡಿಗೆ" ಎಂದಳು. ಅದೂ ಬಂತು. ಅವಳನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹೆಂಗಸು ತನ್ನ ಮೊಬೈಲು ತೆಗೆದು ಅದೇ ಫೋಟೋ ನೋಡುತ್ತ ನಿಂತಳು. ಅವಳೂ ನಾಳೆ ದುಡ್ಡು ಹಾಕುವವಳಿದ್ದಳಂತೆ.

"ಹಗ್ಗ ಮಾತ್ರ ಕೊಡಕಿಲ್ಲ ಕಣಕ್ಕ" ಎಂದ ಅವನು.

ಚಿಕ್ಕಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಬ್ಯಾಡ ಕಣ್ಲಾ, ನೀನೇ ಮಡೀಕೊ. ಅವತ್ತು ನಿನ್ನ ಮಾತು ಕೇಳಿ ತಂದ ಹೊಸ ಹಗ್ಗ ನಮ್ಮ ಗೂಟದಲ್ಲೇ ಅದೆ. ನಿನ್ನ ಕಟ್ಟಾಕಕ್ಕೆ ಅದೇ ಸಾಕು!"

ಆ ಕಡೆ ಫೋನು ಕಟ್ಟಾಯಿತು. ಡೈರಿಯಲ್ಲಿ ಯಾರೂ ನಗಲಿಲ್ಲ. ಮನೆಗೆ ಹೊರಟಾಗ ಖಾಲಿ ಕ್ಯಾನನ್ನು ಚಿಕ್ಕಮ್ಮನೇ ಹೊತ್ತಳು.