ಹೊಡೆಯದ ಅಕ್ಕೋರಿಗೆ ಬೆಳ್ಳಿ ಛಡಿ

ನಿಮಗೆ ಶಾಲೆಯಲ್ಲಿ ಏಟು ಬಿದ್ದಿತ್ತೇ? ಬಿದ್ದಿದ್ದರೆ ನೀವು ಪುಣ್ಯವಂತರು. ಬಿದ್ದಿಲ್ಲವಾದರೆ ದಯವಿಟ್ಟು ನಾಲ್ಕು ಜನರ ಮುಂದೆ ಬಾಯಿ ಬಿಡಬೇಡಿ. ನಾನು ಬಿಟ್ಟೆ, ಇದ್ದ ಮರ್ಯಾದೆಯನ್ನೂ ಕಳೆದುಕೊಂಡೆ.

ಗಜೇಂದ್ರಗಡದ ಪೇಟೆಯೊಳಗೆ, ಹಿಟ್ಟಿನ ಗಿರಣಿಗೂ ಪಾತ್ರೆ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಹಳೆಯ ಪ್ರೈಮರಿ ಶಾಲೆ ನಮ್ಮದು. ಅಲ್ಲಿ ಕಲಿತವರೆಲ್ಲ ಸೇರಿ ಒಂದು ವಾಟ್ಸ್ಯಾಪ್ ಗ್ರೂಪ್ ಮಾಡಿಕೊಂಡಿದ್ದೇವೆ. (ನಾವೆಲ್ಲಿ ಮಾಡಿದೆವು? ಬಸವರಾಜ ಮಾಡಿದ, ಕೇಳದೇ ಎಲ್ಲರನ್ನೂ ಒಳಗೆ ದಬ್ಬಿದ.) ಈ ಬಸವರಾಜ ಈಗ ಪೇಟೆಯಲ್ಲಿ ದೊಡ್ಡ ಸೀರೆ ಅಂಗಡಿ ಇಟ್ಟಿದ್ದಾನೆ. ಊರಿಗೆ ಬಸವರಾಜ ಸಾವ್ಕಾರ. ನಮಗೆ ಬಸ್ಯಾ.

ಗ್ರೂಪಿನಲ್ಲಿ ದಿನಾ ಬೆಳಗಾದರೆ ನೆನಪುಗಳು. ಆದರೆ ಒಬ್ಬರ ನೆನಪು ಇನ್ನೊಬ್ಬರಿಗೆ ಕೂಡುವುದಿಲ್ಲ. ಶಾಲೆಯ ಬಾಗಿಲು ಹಸಿರು ಇತ್ತೋ ನೀಲಿ ಇತ್ತೋ ಎಂದು ಜಗಳವಾಗಿ ಇಬ್ಬರು ಗ್ರೂಪ್ ಬಿಟ್ಟು ಹೋದರು. ಒಬ್ಬನಂತೂ ಶಾಲೆಯ ಅಂಗಳದ ಬಾವಿಯಲ್ಲಿ ತಾನು ಮುಳುಗಿ ಎದ್ದದ್ದನ್ನು ಕಣ್ಣೀರು ಬರುವಂತೆ ಬರೆದ. ಬಾವಿ ಹಾಳಾಗಿ ಹೋಗಲಿ, ನಮ್ಮ ಶಾಲೆಗೆ ಅಂಗಳವೇ ಇರಲಿಲ್ಲ! ಡ್ರಿಲ್ ಮಾಡುತ್ತಿದ್ದದ್ದು ರಸ್ತೆಯ ಮೇಲೆ. ಚಕ್ಕಡಿ ಬಂದರೆ ಕೈ ಮೇಲೆತ್ತಿಕೊಂಡೇ ಗೋಡೆಗೆ ಅಂಟಿಕೊಳ್ಳುತ್ತಿದ್ದೆವು.

ಎಲ್ಲರೂ ಒಪ್ಪಿದ ನೆನಪು ಒಂದೇ. ಏಟು.

ಅಬ್ಬಬ್ಬಾ, ಆ ದಿನ ಗ್ರೂಪಿಗೆ ಏನು ಕಳೆ ಬಂತು! ಒಬ್ಬನ ಬೆರಳು ಬಾತಿತ್ತು. ಇನ್ನೊಬ್ಬನ ಬೆನ್ನಿನ ಮೇಲೆ ಛಡಿಯೇ ಮುರಿದಿತ್ತು. (ಬೆತ್ತಕ್ಕೆ ನಮ್ಮ ಕಡೆ ಛಡಿ ಅನ್ನುತ್ತೇವೆ, ಶಾಲೆಯ ಮೇಡಮ್ಮಿಗೆ ಅಕ್ಕೋರು.) ಹೊಲ ಮನೆಗಳ ಲೆಕ್ಕ ಹೇಳಿಕೊಂಡಂತೆ ಒಬ್ಬೊಬ್ಬರೂ ತಮ್ಮ ಪಾಲಿನ ಏಟು ಹೇಳಿಕೊಂಡರು. ನಾನು ಸುಮ್ಮನಿರಬೇಕಿತ್ತು. "ನನಗೆ ಯಾರೂ ಹೊಡೆದಿಲ್ಲ, ನಾನು ಸುಶೀಲಾ ಅಕ್ಕೋರ ಕ್ಲಾಸಿನಲ್ಲಿದ್ದೆ" ಎಂದು ಬರೆದೆ.

ಒಬ್ಬ ಕೈ ಮುಗಿಯುವ ಚಿತ್ರ ಹಾಕಿದ. ಇನ್ನೊಬ್ಬ, "ಪಾಪ" ಅಂದ. ಬಸ್ಯಾ ಮಾತ್ರ ನೇರವಾಗಿ ಬರೆದ: "ಅದಕs ನೀ ಹಿಂಗ ಉಳದಿ ನೋಡ."

ನನ್ನ ಹೆಂಡತಿ ಹಿಂದಿನಿಂದ ಇಣುಕಿ ಓದಿ, "ಖರೇ ಐತಿ ಬಿಡ್ರಿ" ಅಂದಳು. ಮನೆಯೊಳಗೂ ಬೆಂಬಲವಿಲ್ಲ ಅಂದರೆ ಎಲ್ಲಿಗೆ ಹೋಗುವುದು?

ಏಟಿನ ಕಾವು ಏರಿದ ಮೇಲೆ ಗುರುವಂದನೆ ಮಾಡಲೇಬೇಕೆಂದು ತೀರ್ಮಾನವಾಯಿತು. ಒಂದೇ ಅಡಚಣೆ. ಹೊಡೆದ ಮಾಸ್ತರರೆಲ್ಲ ತೀರಿಕೊಂಡಿದ್ದರು. ಉಳಿದವರು ಸುಶೀಲಾ ಅಕ್ಕೋರು ಒಬ್ಬರೇ. ನಿವೃತ್ತಿಯಾದ ಮೇಲೆ ರೋಣದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ನಾನಿರುವುದು ನರಗುಂದದಲ್ಲಿ. ದಾರಿಯಲ್ಲೇ ರೋಣ. ಕರೆದುಕೊಂಡು ಬರುವ ಕೆಲಸ ನನ್ನ ಕೊರಳಿಗೆ ಬಿತ್ತು.

ಆಮಂತ್ರಣ ಹೇಳಲು ಹೋದಾಗ ಅಕ್ಕೋರು ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಗುರುತು ಹಿಡಿದರು. "ಕತಿ ನಡುವ ಎದ್ದೆದ್ದು ಪ್ರಶ್ನಿ ಕೇಳಾಂವ ನೀನs ಅಲ್ಲೇನೋ?" ಅಂದರು.

ನಾನೇ. ಅಕ್ಕೋರ ಶಿಸ್ತೇ ಕಥೆ. ಗದ್ದಲವಾದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಒಮ್ಮೆ ನಾವು ಕಿತ್ತಾಡಿದ್ದಕ್ಕೆ ರಾಜಕುಮಾರಿ ವಾರಗಟ್ಟಲೆ ಬಾವಿಯಲ್ಲೇ ಉಳಿದಳು. ಅವಳನ್ನು ಮೇಲೆತ್ತಿಸಲು ನಾವೇ ಒಬ್ಬರ ಬಾಯಿ ಒಬ್ಬರು ಮುಚ್ಚಿಸಿಕೊಂಡು ಕುಳಿತೆವು. (ಬಾವಿಯಲ್ಲಿ ಮುಳುಗಿ ಎದ್ದ ನಮ್ಮ ಗೆಳೆಯ ಬಹುಶಃ ಆ ರಾಜಕುಮಾರಿಯ ಜೊತೆಗೇ ಎದ್ದಿರಬೇಕು.)

ಕಾರ್ಯಕ್ರಮದ ವಿಷಯ ಹೇಳಿದೆ. ಅಕ್ಕೋರು ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟರು.

"ಬರ್ತೀನಿ. ಆದ್ರ ಒಂದ ಮಾತು ನೀನs ಎದ್ದು ನಿಂತು ಹೇಳಬೇಕು. ಸುಶೀಲಾ ಅಕ್ಕೋರು ಒಂದು ಕೂಸಿಗೂ ಕೈ ಎತ್ತಲಿಲ್ಲ ಅಂತ."

"ಅದೇನ್ ದೊಡ್ಡ ಮಾತ್ರಿ ಅಕ್ಕೋರ?"

"ನಿನಗ ಸಣ್ಣದೋ. ತಪಾಸಣಿಗೆ ಬಂದ ಸಾಹೇಬ್ರು, ಈ ಹೆಣ್ಮಗಳ ಕ್ಲಾಸಿನ್ಯಾಗ ಹುಡುಗ್ರಿಗೆ ಅಂಜಿಕಿನs ಇಲ್ಲ ಅಂದ್ರು. ಹೆಡ್ ಮಾಸ್ತರಿಕಿ ನನ್ನ ಕೈ ತಪ್ಪಿ ಹೋತು. ಹೋದ್ರ ಹೋಗ್ಲಿ ಅಂದೆ, ಛಡಿ ಮಾತ್ರ ಮುಟ್ಟಲಿಲ್ಲ. ನಾ ಗಳಿಸಿದ್ದು ಅದೊಂದs. ನಾಕು ಮಂದಿ ಕಿವಿಗೆ ಅದು ಬಿದ್ರ ಸಾಕು."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಇಷ್ಟು ಸುಲಭದ ಮಾತು ಜಗತ್ತಿನಲ್ಲಿ ಬೇರೆ ಯಾವುದಿದೆ?

ಭಾನುವಾರ ಅಕ್ಕೋರನ್ನು ಕರೆದುಕೊಂಡು ಗಜೇಂದ್ರಗಡ ಮುಟ್ಟಿದೆ. ಶಾಲೆಯ ಬೆಂಚುಗಳಿಗೆ ನಮ್ಮ ಈಗಿನ ಹೊಟ್ಟೆಗಳು ಹಿಡಿಸುವುದಿಲ್ಲವಾದ್ದರಿಂದ ಕಾರ್ಯಕ್ರಮ ಕಲ್ಯಾಣ ಮಂಟಪದಲ್ಲಿತ್ತು. ಬಾಜಾ, ಪುಷ್ಪವೃಷ್ಟಿ, ಪಾದಪೂಜೆ. ಅಕ್ಕೋರು ನಗುನಗುತ್ತಾ ವೇದಿಕೆ ಏರಿದರು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಭಾಷಣ ಶುರುವಾದವು ನೋಡಿ.

ಮೊದಲನೆಯವನು ಗೊಬ್ಬರದ ಅಂಗಡಿಯವನು. "ಅಕ್ಕೋರು ಅವತ್ತು ನನ್ನ ಅಂಗೈಗೆ ಬಾಸುಂಡಿ ಬರೂ ಹಂಗ ಬಡದಿದ್ದಕ್ಕ ಇವತ್ತು ಎರಡು ಅಂಗಡಿ ಅದಾವು!" ಚಪ್ಪಾಳೆ. ಎರಡನೆಯವನು ವಿಮೆ ಏಜೆಂಟ. "ಆ ಏಟು ಬೀಳದs ಇದ್ರ ನಾ ಇವತ್ತು ಬೀದಿ ಪಾಲು!" ಮತ್ತೆ ಚಪ್ಪಾಳೆ. ನಮ್ಮ ಕಡೆ ಏಟಿಲ್ಲದ ಗುರುವಂದನೆ ಎಂದರೆ ಒಗ್ಗರಣೆ ಇಲ್ಲದ ಸಾರು. ಹೊಡೆದವರು ಯಾರೂ ಬದುಕಿಲ್ಲ. ಎದುರಿಗೆ ಕುಳಿತವರು ಒಬ್ಬರೇ. ಎಲ್ಲರ ಏಟೂ ಅವರ ಹೆಸರಿಗೆ ಜಮಾ ಆಗುತ್ತಾ ಹೋಯಿತು.

ಅಕ್ಕೋರು ನನ್ನ ಅಂಗಿಯ ತೋಳು ಹಿಡಿದು ಜಗ್ಗಿದರು. "ಯಾರಿಗೆ ಅನ್ನಾಕತ್ತಾರೋ ಇವ್ರು?"

"ನಿಮಗs ರಿ ಅಕ್ಕೋರ."

ಅವರ ಮುಖದ ನಗು ಹೋಯಿತು.

ಅಷ್ಟರಲ್ಲಿ ಬಸ್ಯಾ ಹರಿವಾಣದ ಮೇಲಿನ ರೇಷ್ಮೆ ಬಟ್ಟೆ ಸರಿಸಿದ. ಒಳಗೆ ಬೆಳ್ಳಿಯ ಛಡಿ! ಗಟ್ಟಿ ಬೆತ್ತಕ್ಕೆ ತಗಡು ಹೊದಿಸಿ, ಹಿಡಿಕೆಗೆ ಗೆಜ್ಜೆ ಕಟ್ಟಿಸಿ, ಕುಂಕುಮ ಹಚ್ಚಿ ತಂದಿದ್ದ. ಮಂಟಪಕ್ಕೆ ಮಂಟಪವೇ ಎದ್ದು ನಿಂತಿತು. ಅಕ್ಕೋರು ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. ಬಸ್ಯಾ ಬಿಡುವವನೇ? ಶಾಲು ಹೊದಿಸಿ, ಛಡಿಯನ್ನು ಅವರ ಮಡಿಲಲ್ಲಿಟ್ಟು, ಫೋಟೋಕ್ಕೆ ನಿಂತುಬಿಟ್ಟ.

ಅಕ್ಕೋರು ಮೈಕು ತೆಗೆದುಕೊಂಡರು. "ನಾ ಯಾರಿಗೂ ಬಡದಿಲ್ರೋ ತಮ್ಮಗೋಳ್ರಾ."

ಇಡೀ ದಿನದಲ್ಲೇ ದೊಡ್ಡ ಚಪ್ಪಾಳೆ ಬಿತ್ತು.

"ನೋಡ್ರಿ! ದೊಡ್ಡವರ ದೊಡ್ಡಗುಣ ನೋಡ್ರಿ!" ಬಸ್ಯಾ ಮೈಕು ಕಸಿದುಕೊಂಡು ಕೂಗಿದ. "ಅಷ್ಟು ಬಡದ್ರೂ ಒಂದೂ ಮನಸ್ಸಿನ್ಯಾಗ ಇಟ್ಕೊಂಡಿಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದೆ. ಕೊಟ್ಟ ಮಾತು ಇತ್ತಲ್ಲ. ಮೈಕು ಹಿಡಿದು ಸ್ಪಷ್ಟವಾಗಿ ಹೇಳಿದೆ: "ಸುಶೀಲಾ ಅಕ್ಕೋರು ಒಂದು ಮಗುವಿಗೂ ಕೈ ಎತ್ತಿದವರಲ್ಲ. ಅವರ ಕ್ಲಾಸಿನಲ್ಲಿ ನಾನೇ ಇದ್ದೆ. ನನಗೆ ಒಂದೇ ಒಂದು ಏಟೂ ಬಿದ್ದಿಲ್ಲ."

"ಅದಕs ಪೇಪರಿಗೆ ಅಂಕಣ ಬರಕೋತ ಕುಂತಾನ!" ಬಸ್ಯಾ ಅಂದ.

ಜನ ಬಿದ್ದು ಬಿದ್ದು ನಕ್ಕರು. ಅಡುಗೆಯವರೂ ಸೌಟು ಹಿಡಿದುಕೊಂಡು ಬಂದು ನಕ್ಕು ಹೋದರು.

ಅವನನ್ನು ಪಕ್ಕಕ್ಕೆ ಎಳೆದೆ. "ಲೇ ಬಸ್ಯಾ, ನಿನಗ ಬಡದಾವ್ರು ಗಣಿತದ ಮಾಸ್ತರಲೇ. ನೀ ಅಕ್ಕೋರ ಕ್ಲಾಸಿನ್ಯಾಗs ಇರಲಿಲ್ಲ."

"ಇರಲಿಲ್ಲ ಅಂದ್ರ ಏನಾತು? ಮಾಸ್ತರು ಹೋಗಿಬಿಟ್ಟಾರ. ಹೋದವರಿಗೆ ಶಾಲು ಹೊಚ್ಚಾಕ ಬರ್ತೈತೇನು?"

"ಹಂಗಂತ ಹೊಡೀದs ಇದ್ದವರಿಗೆ ಹೊಡದ್ರು ಅನ್ನೂದೇನು?"

ಆಗ ಅವನ ದನಿ ಸಣ್ಣದಾಯಿತು. "ಮತ್ತ ನಾ ಮ್ಯಾಲ ಬಂದದ್ದು ಹ್ಯಾಂಗೋ? ಅಷ್ಟ ಏಟು ತಿಂದೀನಿ. ಪುಕ್ಕಟೆ ತಿಂದೆ ಅನ್ಲೇನು?"

ಯಾಕೆ ನಾವು ಏಟಿಗೆ ಇಷ್ಟು ಹಾರ ಹಾಕುತ್ತೇವೆ ಎಂಬುದು ಅಲ್ಲಿ ತಿಳಿಯಿತು. ನೋವಿಗೆ ಏನೋ ಒಂದು ಅರ್ಥವಿತ್ತು ಅಂದುಕೊಳ್ಳದಿದ್ದರೆ ಬರೀ ನೋವು ಉಳಿಯುತ್ತದೆ. ಅದನ್ನು ಸೀರೆ ಅಂಗಡಿಯವನಾದರೂ ಎಲ್ಲಿಡಬೇಕು? ಪಾಪ ಅನ್ನಿಸಿತು.

ಆದರೆ ಪಾಪ ಅನ್ನಿಸಿದ್ದು ಕ್ಷಣ ಮಾತ್ರ. ಯಾಕೆಂದರೆ ಅವನು ತಿರುಗಿ ಮೈಕಿನ ಮುಂದೆ ಹೋಗಿ, "ಇನ್ನ ಅಕ್ಕೋರು ಆಶೀರ್ವಾದ ಮಾಡ್ತಾರ, ಮಕ್ಕಳನ್ನ ಕರಕೊಂಡು ಬರ್ರಿ" ಎಂದು ಘೋಷಿಸಿದ. ಆಶೀರ್ವಾದವೆಂದರೆ ಅಕ್ಷತೆಯಲ್ಲ. ಬೆಳ್ಳಿ ಛಡಿಯ ಒಂದು ಏಟು! ನೀವು ನಂಬುತ್ತೀರೋ ಇಲ್ಲವೋ, ಅಪ್ಪ ಅವ್ವಂದಿರು ಮಕ್ಕಳನ್ನು ಕರೆದುಕೊಂಡು ಸಾಲು ಹಚ್ಚಿದರು. ಇವರೇ ಮನೆ ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್ ಜೋರಾಗಿ ಬೈದರೂ ಹೋಗಿ ಜಗಳ ತೆಗೆಯುವವರು.

ಸಾಲಿನ ಮೊದಲಿಗೆ ಬಸ್ಯಾನ ಮೊಮ್ಮಗಳು. ಇನ್ನೂ ಬಾಲವಾಡಿಯ ಕೂಸು, ಜರಿ ಲಂಗ ಉಟ್ಟುಕೊಂಡಿತ್ತು.

"ಭಾಳ ಹಟಮಾರಿ ಐತ್ರಿ ಅಕ್ಕೋರ. ಒಂದು ಹಾಕ್ರಿ, ಬಾಳೇ ಬಂಗಾರ ಆಗ್ತೈತಿ."

"ಬ್ಯಾಡೋ. ನನ್ನ ಕಡೆ ಆಗೂದಿಲ್ಲ."

"ಮೆಲ್ಲಕ ಹಾಕ್ರಿ. ನೆಪ್ಪಿಗೆ ಇರ್ಲಿ."

"ಬ್ಯಾಡಂದ್ನೆಲ್ಲ. ಕೂಸು ಅಂಜೈತಿ, ಬಿಡು ಅದನ್ನ."

ಬಸ್ಯಾ ಬಿಡಲಿಲ್ಲ. ಮಗುವಿನ ಮುಂಗೈ ಹಿಡಿದು ಅಂಗೈ ಬಿಚ್ಚಿ ಅಕ್ಕೋರ ಮುಂದೆ ಚಾಚಿದ. ಮಗು ಚಿಟ್ಟನೆ ಚೀರಿತು. ಕೈ ಎಳೆದುಕೊಳ್ಳಲು ಒದ್ದಾಡಿತು. ಅವನು ಇನ್ನೂ ಬಿಗಿಯಾಗಿ ಹಿಡಿದ. ಕೆಳಗೆ ಕುಳಿತವರು ಮೊಬೈಲು ಎತ್ತಿ ಹಿಡಿದು, "ಹಾಕ್ರಿ ಅಕ್ಕೋರ, ಹಾಕ್ರಿ" ಎನ್ನುತ್ತಿದ್ದರು.

ಅಕ್ಕೋರು ಎದ್ದರು. ಮಡಿಲಿನ ಛಡಿ ಕೈಗೆ ಬಂತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಛಟೀರ್!

ಮಗುವಿಗಲ್ಲ. ಮಗುವನ್ನು ಹಿಡಿದಿದ್ದ ಬಸ್ಯಾನ ಮೊಣಕೈಗೆ.

"ಬಿಡಂದ್ರ ಬಿಡಬೇಕು!" ಅಂದರು. ಆ ದನಿಯನ್ನು ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಬಸ್ಯಾನ ಕೈ ಸಡಿಲವಾಯಿತು. ಮಗು ಓಡಿಬಂದು ಅಕ್ಕೋರ ಸೆರಗಿನಲ್ಲಿ ಮುಖ ಹುದುಗಿಸಿತು.

ನಾನು ಅಂದುಕೊಂಡೆ, ಈಗಲಾದರೂ ಇವರಿಗೆ ನಾಚಿಕೆಯಾಗುತ್ತದೆ. ಎಲ್ಲಿಯ ನಾಚಿಕೆ! ಸಿಳ್ಳೆ, ಕೇಕೆ, ಚಪ್ಪಾಳೆ. ಬಾಜಾದವನು ತನ್ನದೂ ಒಂದು ಇರಲಿ ಎಂದು ಡೊಳ್ಳು ಬಾರಿಸಿದ. ಬಸ್ಯಾ ಮೊಣಕೈ ಹಿಡಿದುಕೊಂಡು ಗಳಗಳ ಅಳುತ್ತಾ ಮೈಕಿಗೆ ಬಾಯಿ ಹಚ್ಚಿದ.

"ಅದs ಏಟ್ರೀ! ಅವತ್ತಿನದs! ನಾ ಹ್ಯಾಂಗ ಮರೀಲ್ರಿ ಈ ಕೈನ?"

ಊಟಕ್ಕೆ ಗೋಧಿ ಹುಗ್ಗಿ ಇತ್ತು. ಅಕ್ಕೋರು ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದಕ್ಕೆ ತಿನ್ನಿಸಿದರು. ತಾವು ತಿನ್ನಲಿಲ್ಲ. ನಾವು ಹೊರಡುವ ಹೊತ್ತಿಗೆ ಏಟಿನ ವಿಡಿಯೋ ಗ್ರೂಪಿಗೆ ಬಂದಿತ್ತು. ಮಗುವಿನ ಭಾಗ ಕತ್ತರಿಸಿದ್ದರು. ಇದ್ದದ್ದು ಛಡಿ, ಮೊಣಕೈ, ಕೆಳಗೆ ಹಾರುವ ಹೂವು ಮತ್ತು "ನಮ್ಮ ಅಕ್ಕೋರು, ನಮ್ಮ ಹೆಮ್ಮೆ".

ರೋಣದ ಮನೆ ಮುಂದೆ ಕಾರು ನಿಲ್ಲಿಸಿ ನಾನೇ ಅಂದೆ, "ಅಕ್ಕೋರ, ಅವರು ಹೇಳಿದ್ದೆಲ್ಲ ಸುಳ್ಳು ಅಂತ ನಾನು ಅಂಕಣದಾಗ ಬರೀತೀನ್ರಿ. ಊರೆಲ್ಲ ಓದ್ತೈತಿ."

ಅವರು ಕಾರಿನಿಂದ ಇಳಿದು, ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು.

"ಮುಂಜಾನಿತನಕಾ ಅದು ಸುಳ್ಳು ಇತ್ತೋ ತಮ್ಮಾ," ಅಂದರು. "ಇನ್ನ ಹ್ಯಾಂಗ ಸುಳ್ಳು ಅಂತ ಬರೀತಿ?"