ನಟಿಯ ಅಕ್ಕನ ಆಕಳಿಕೆ

ಮೂರನೆಯದೂ ಹೆಣ್ಣಾದಾಗ ಅರ್ಗಿರಿಸ್ ಆ ಮಗುವಿಗೆ ಸ್ತಮಾತಾ ಎಂದು ಹೆಸರಿಟ್ಟ. ನಿಲ್ಲಿಸು ಎಂದು ಅದರ ಅರ್ಥ. ಕನ್ನಡದ ಸಾಕಮ್ಮನೇ ಅನ್ನಿ. ದೇವರಿಗೆ ಅದು ಕೇಳಿಸಲಿಲ್ಲ. ಮೂರು ವರ್ಷಕ್ಕೆ ನಾಲ್ಕನೆಯದೂ ಹೆಣ್ಣೇ ಆಯಿತು. ಆದರೆ ಆ ಕೂಸಿನ ಮುಖ ನೋಡಿದ್ದೇ ತಡ, ಅರ್ಗಿರಿಸ್ ಗಂಡು ಬೇಕೆಂಬ ಆಸೆಯನ್ನೇ ಮರೆತು ಪಾಗೋನಾ ಎಂದು ಕರೆದ. ಅಂದರೆ ನವಿಲು. ಒಂದೇ ತೊಟ್ಟಿಲಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬಳು ಸಾಕು, ಇನ್ನೊಬ್ಬಳು ನವಿಲು! ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು ಹೇಳಿ? ದೊಡ್ಡವರಿಬ್ಬರು ಮದುವೆಯಾಗಿ ಆಸ್ಟ್ರೇಲಿಯಾ ಸೇರಿದರು. ಅವರ ಸುದ್ದಿ ಇಲ್ಲಿ ಬೇಡ.

ಆ ಪಾಗೋನಾಳೇ ಮುಂದೆ ಲೀಡಾ ಅರ್ಗಿ ಆದಳು. ಇಡೀ ಗ್ರೀಸ್ ಟೀವಿ ಮುಂದೆ ತಟ್ಟೆ ಇಟ್ಟುಕೊಂಡು ಯಾರ ಕಣ್ಣೀರು ನೋಡುತ್ತಿತ್ತೋ, ಆ ಲೀಡಾ ಅರ್ಗಿ. ಸ್ತಮಾತಾ ಹುಟ್ಟಿದ ಕೀಮಿ ಊರಿನಲ್ಲೇ ಉಳಿದು ಚೌಕದಲ್ಲಿ ಗೂಡಂಗಡಿ ಇಟ್ಟಳು. ಸಿಗರೇಟು, ಚ್ಯೂಯಿಂಗ್ ಗಮ್, ಬಸ್ ಟಿಕೆಟು, ಪೇಪರು. ಟೀವಿ ಪತ್ರಿಕೆಗಳನ್ನು ಅಂಗಡಿಯ ಸುತ್ತ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ನೇತುಹಾಕಬೇಕು. ಹೀಗಾಗಿ ವಾರಕ್ಕೊಮ್ಮೆಯಾದರೂ ತಂಗಿಯ ಮುಖವನ್ನು ತನ್ನ ಕೈಯಾರೆ ಊರಿಗೆಲ್ಲ ತೋರಿಸುವ ಕರ್ಮ ಅವಳದು. ಅವಳು ಕ್ಲಿಪ್ಪನ್ನು ಸರಿಯಾಗಿ ತಂಗಿಯ ಹಣೆಯ ಮೇಲೇ ಕಚ್ಚಿಸುತ್ತಿದ್ದಳು.

"ಏನೇ ಸ್ತಮಾತಾ, ನಿನ್ನ ತಂಗಿ ಆ ವಕೀಲನ್ನ ಮದ್ವೆ ಆಗ್ತಾಳೋ ಇಲ್ವೋ? ನಿಂಗೆ ಹೇಳಿರ್ತಾಳಲ್ಲ?" ಎದುರುಮನೆಯ ಫ್ರೊಸೋ ಧಾರಾವಾಹಿಯ ಕಥೆ ಕೇಳಲು ದಿನಾ ಬರುವಳು.

"ನಂಗೇನ್ ಗೊತ್ತು ಫ್ರೊಸೋ ಅಕ್ಕ? ನಾನೇನ್ ಮದ್ವೆ ಮಾಡ್ಸೋ ಪಾದ್ರೀನಾ?"

"ಏನ್ ಚೆಂದ ಅಳ್ತಾಳೆ ಕಣೇ! ಅಷ್ಟು ಅತ್ರೂ ಮೂಗು ಕೆಂಪಾಗಲ್ಲ."

"ಚಿಕ್ಕೋಳಿದ್ದಾಗ್ಲಿಂದ್ಲೂ ಹಂಗೇ. ಹಾಲು ಚೆಲ್ತಿದ್ದೋಳು ಅವಳು, ಅಳ್ತಿದ್ದೋಳೂ ಅವಳೇ. ಏಟು ಮಾತ್ರ ನಂಗೆ."

"ಅಬ್ಬಾ, ನಿನ್ ಬಾಯೇ!" ಎಂದು ನಕ್ಕು, ತನ್ನ ಕಣ್ಣೇ ತಾಗೀತೆಂದು ಫ್ರೊಸೋ ಪತ್ರಿಕೆಯ ಕಡೆ ಮೂರು ಸಲ "ಥೂ ಥೂ ಥೂ" ಅನ್ನುವಳು. ಸ್ತಮಾತಾ ಉಗಿಯುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಚಿಲ್ಲರೆ ಎಣಿಸುತ್ತಿದ್ದಳು.

ಸುಳ್ಳು ಯಾಕೆ ಹೇಳಲಿ, ನಟನೆ ಮೊದಲು ಒಲಿದದ್ದು ಸ್ತಮಾತಾಳಿಗೇ. ಶಾಲೆಯಲ್ಲಿ ಪದ್ಯ ಹೇಳುವುದಿರಲಿ, ಊರ ಹೆಂಗಸರ ನಡಿಗೆ ಅಣಕಿಸುವುದಿರಲಿ, ಪಾದ್ರಿಯ ಹಾಗೆ ಕೆಮ್ಮುವುದಿರಲಿ, ಅವಳಿಗೆ ಸಮನಾದವರು ಇರಲಿಲ್ಲ. ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ಅಥೆನ್ಸಿನಿಂದ ಸಿನಿಮಾದವರು ಕೀಮಿಯ ಬಂದರಿಗೆ ಬಂದರು. ಊರಿನದೇ ಒಂದು ಹುಡುಗಿ ಬೇಕಿತ್ತು. ಇಳಿಜಾರಿನಲ್ಲಿ ಓಡಿ ಬಂದು "ಹಡಗು ಬಂತು, ಅಮ್ಮಾ, ಹಡಗು ಬಂತು!" ಎಂದು ಕೂಗಬೇಕು, ಅಷ್ಟೇ. ಸ್ತಮಾತಾ ಒಂಬತ್ತು ದಿನ ಅಂಜೂರದ ತೋಟದಲ್ಲಿ ಓಡಿ ಓಡಿ ಕೂಗಿದಳು. ಅಲ್ಲಿ ಹಣ್ಣು ಒಣಹಾಕುತ್ತಿದ್ದ ಹೆಂಗಸರು ನಿಜವಾಗಿಯೂ ಹಡಗು ಬಂತೆಂದು ಎರಡು ಸಲ ಎದ್ದು ನಿಂತರಂತೆ.

ಹುಡುಗಿಯನ್ನು ಆರಿಸುವ ದಿನ ಅವಳು ಹೊಸ ಬೂಟು ಹಾಕಿಕೊಂಡು ಹೋದಳು. ಹದಿನಾರರ ಪಾಗೋನಾ ಹರಿದ ಚಪ್ಪಲಿಯಲ್ಲಿ, ಅಕ್ಕನ ಬಾಚಣಿಗೆ ಹಿಡಿದುಕೊಂಡು ಹಿಂದೆ ಬಂದಿದ್ದಳು. ಸ್ತಮಾತಾ ಎರಡು ಸಲ ಓಡಿದಳು, ಎರಡು ಸಲ ಕೂಗಿದಳು. ನಿರ್ದೇಶಕ ತಲೆ ಕೆರೆದುಕೊಂಡ.

"ಬಾಚಣಿಗೆ ಹಿಡ್ಕೊಂಡಿದಾಳಲ್ಲ, ಆ ಹುಡುಗಿ ಒಂದ್ಸಲ ಓಡ್ಲಿ ನೋಡೋಣ," ಎಂದ.

ಹರಿದ ಚಪ್ಪಲಿ ಕ್ಯಾಮೆರಾಕ್ಕೆ ಕಾಣುತ್ತದೆಂದು ಯಾರೋ ಸ್ತಮಾತಾಳ ಬೂಟು ಬಿಚ್ಚಿಸಿ ತಂಗಿಗೆ ಹಾಕಿದರು. ಪಾಗೋನಾಳಿಗೆ ಮಾತೂ ನೆಟ್ಟಗೆ ನೆನಪಿರಲಿಲ್ಲ. ಓಡಿ ಬಂದು, ಮೆಲ್ಲಗೆ "ಅಮ್ಮಾ, ಬಂತು" ಎಂದಷ್ಟೇ ಹೇಳಿ ಅತ್ತುಬಿಟ್ಟಳು. ನಿರ್ದೇಶಕ ಕುರ್ಚಿ ಬಿಟ್ಟು ಎದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಸ್ತಮಾತಾಳ ತುತ್ತು ಅವಳ ಕಣ್ಣೆದುರೇ ಬೇರೆ ಬಾಯಿಗೆ ಹೋಯಿತು. ಅವಳು ಬಾಚಣಿಗೆ ಹಿಡಿದು ಬರಿಗಾಲಲ್ಲಿ ನಿಂತು ನೋಡಿದಳು.

ಮರುವರ್ಷವೇ ಪಾಗೋನಾ ಅಥೆನ್ಸಿನ ನಾಟಕಶಾಲೆಗೆ ಹೊರಟಳು. ಹೊರಡುವ ಮುಂಚೆ ಅರ್ಗಿರಿಸ್ ಸ್ತಮಾತಾಳನ್ನು ಹಿತ್ತಲಿಗೆ ಕರೆದು ದೃಷ್ಟಿ ತೆಗೆಯುವ ಮಂತ್ರ ಹೇಳಿಕೊಟ್ಟ. ಅದು ಅವನಿಗೆ ಅವನ ಅಜ್ಜಿಯಿಂದ ಬಂದದ್ದು. ಗಂಡಸಿನಿಂದ ಹೆಂಗಸಿಗೆ, ಹೆಂಗಸಿನಿಂದ ಗಂಡಸಿಗೆ ದಾಟಬೇಕು. ಹೆಂಗಸು ಹೆಂಗಸಿಗೆ ಹೇಳಿದರೆ ಮಂತ್ರ ಸತ್ತುಹೋಗುತ್ತದೆ.

"ಅವಳಿಗೆ ದೇವರು ಮುಖ ಕೊಟ್ಟಿದಾನೆ. ಇದು ನಿಂಗಿರ್ಲಿ ಮಗಳೇ," ಎಂದ ಅಪ್ಪ. ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಒಂದೇ ಸಮಾಧಾನವೆಂದರೆ, ತಂಗಿ ತಲೆಕೆಳಗಾಗಿ ನಿಂತರೂ ಈ ವಿದ್ಯೆಯನ್ನು ಅಕ್ಕನಿಂದ ಕಿತ್ತುಕೊಳ್ಳುವಂತಿರಲಿಲ್ಲ.

ತೆಗೆಯುವುದು ಹೀಗೆ. ಬೋಗುಣಿಯಲ್ಲಿ ನೀರು, ನೀರಿಗೆ ಮೂರು ಹನಿ ಆಲಿವ್ ಎಣ್ಣೆ. ಎಣ್ಣೆ ಗುಂಡಗೆ ನಿಂತರೆ ಏನೂ ಇಲ್ಲ, ಹರಡಿದರೆ ದೃಷ್ಟಿ ತಾಗಿದೆ. ಬಾಯೊಳಗೇ ಮಂತ್ರ ಹೇಳುತ್ತಿದ್ದರೆ ತೆಗೆಯುವವರಿಗೆ ಆಕಳಿಕೆ ಬರುತ್ತದೆ. ದೃಷ್ಟಿ ಎಷ್ಟು ಭಾರವೋ ಆಕಳಿಕೆ ಅಷ್ಟು ದೊಡ್ಡದು. ಅರ್ಗಿರಿಸ್ ಆಕಳಿಸಿದರೆ ಹಳೇ ಬಾಗಿಲು ತೆರೆದ ಹಾಗೆ ಕೇಳುತ್ತಿತ್ತು. ಎದುರಿಗೇ ಕೂರಬೇಕೆಂದಿಲ್ಲ, ಫೋನಿನಲ್ಲೂ ಆಗುತ್ತದೆ.

ಪಾಗೋನಾ ಪ್ರತಿಯೊಂದು ಹೊಸ ಕೆಲಸದ ಮೊದಲ ದಿನ ಫೋನ್ ಮಾಡುತ್ತಿದ್ದಳು. ಮೊದಲ ಸಲ ಸ್ತಮಾತಾ ಮಂತ್ರ ಪೂರ್ತಿ ಹೇಳಿದಳು, ಆಕಳಿಕೆ ಬರಲಿಲ್ಲ. ಆ ತುದಿಯಲ್ಲಿ ತಂಗಿ ಉಸಿರು ಹಿಡಿದು ಕಾಯುತ್ತಿದ್ದಾಳೆ! ಸ್ತಮಾತಾ ಬಾಯಿ ತೆರೆದು ಅಪ್ಪನ ಆಕಳಿಕೆಯನ್ನೇ ಆಕಳಿಸಿದಳು. ಹಳೇ ಬಾಗಿಲಿನ ಸದ್ದು, ಕೊನೆಯಲ್ಲಿ ಒಂದು ಸಣ್ಣ ನರಳಿಕೆ, ಎಲ್ಲ ಸೇರಿಸಿ.

"ಅಮ್ಮಾ! ಭಾರೀ ಇತ್ತು ಕಣೇ. ಹೋಯ್ತು ಬಿಡು," ಎಂದು ತಂಗಿಗೆ ಹೇಳಿದಳು. ಅಂದಿನಿಂದ ಅದೇ ರೂಢಿಯಾಯಿತು.

ಲೀಡಾ ಅರ್ಗಿ ಎಂಬ ಹೆಸರು ಬಂದದ್ದು ಆಗಲೇ. "ಅಪ್ಪನ ಹೆಸರಿಗೂ ಕತ್ತರಿ ಹಾಕಿ ಅರ್ಧ ಹೊತ್ಕೊಂಡು ಹೋದ್ಳು," ಎಂದು ಸ್ತಮಾತಾ ಗಂಡನ ಮುಂದೆ ಕುದಿದಳು. ಪಾಗೋನಾ ಮೊದಲು ಕೆಲಸದವಳ ಪಾತ್ರ ಮಾಡಿದಳು, ಆಮೇಲೆ ವಾರದಲ್ಲೇ ಮುಗಿಸುವ ವೀಡಿಯೋ ಕ್ಯಾಸೆಟ್ಟಿನ ಹಾಸ್ಯಚಿತ್ರಗಳಲ್ಲಿ ಪೊರಕೆ ಹಿಡಿದು ಗಂಡನನ್ನು ಅಟ್ಟಿಸಿಕೊಂಡು ಹೋದಳು. ಖಾಸಗಿ ಚಾನೆಲುಗಳು ಬಂದ ಮೇಲೆ ಹನ್ನೊಂದು ವರ್ಷ ಓಡಿದ ಧಾರಾವಾಹಿಯಲ್ಲಿ ದ್ರಾಕ್ಷಿತೋಟದ ವಿಧವೆ ಎಲೆನಿಯಾಗಿ ಮನೆಮನೆ ಹೊಕ್ಕಳು. ನಡುವೆ ಎರಡು ಮದುವೆ ಆದಳು, ಎರಡನ್ನೂ ಬಿಟ್ಟಳು, ಮಕ್ಕಳಾಗಲಿಲ್ಲ. ಆ ಸುದ್ದಿಗಳನ್ನೂ ಸ್ತಮಾತಾಳೇ ಕ್ಲಿಪ್ಪು ಹಾಕಿ ನೇತುಹಾಕಿದಳು.

ಮನೆಗೆ ಬಂದರೆ ಗಂಡ ಪಾಂಡೆಲಿಸ್, ಸ್ಕೀರೋಸ್ ದ್ವೀಪದ ಹಡಗಿನಲ್ಲಿ ಹಗ್ಗ ಎಸೆಯುವ ಗಟ್ಟಿ ಆಳು, ಟೀವಿ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ.

"ನಾನು ಅತ್ರೆ ಒಂದಿನಾನೂ ನಿಂಗೆ ಅಳು ಬಂದಿಲ್ಲ," ಅನ್ನುವಳು ಸ್ತಮಾತಾ.

"ನೀನು ಅಳೋದಾದ್ರೂ ಎಲ್ಲಿ ಮಾರಾಯ್ತಿ? ಬೈಯೋದಷ್ಟೇ ನಾನ್ ಕೇಳಿರೋದು."

ಒಂದು ಮಾತು ಹೇಳಬೇಕು. ಸ್ತಮಾತಾ ಹಗಲೆಲ್ಲ ಮನಸ್ಸಿನಲ್ಲೇ ತಂಗಿಯನ್ನು ಎಷ್ಟು ಮೆಟ್ಟಿಲುಗಳಿಂದ ಉರುಳಿಸಿದ್ದರೂ, ಫೋನ್ ಬಂದಾಗ ಮಂತ್ರವನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದಳು. ಅದು ಅಪ್ಪನ ಸೊತ್ತು, ಅದರಲ್ಲಿ ಮೋಸ ಸಲ್ಲದು. ಜತೆಗೆ ಒಳಗೊಳಗೇ ಒಂದು ಜಂಬ: ಇವಳು ಲೀಡಾ ಅರ್ಗಿಯೋ ಮತ್ತೊಬ್ಬಳೋ, ನಿಂತಿರುವುದು ನನ್ನ ಮೂರು ಹನಿ ಎಣ್ಣೆಯ ಮೇಲೆ.

ಆಮೇಲೆ ದೇಶಕ್ಕೆ ಕೆಟ್ಟ ಕಾಲ ಬಂತು. ಧಾರಾವಾಹಿಗಳು ನಿಂತವು. ಐವತ್ತು ದಾಟಿದ ಪಾಗೋನಾಳಿಗೆ ಉಳಿದದ್ದು ಮಂಡಿನೋವಿನ ಮುಲಾಮಿನ ಜಾಹೀರಾತು ಒಂದೇ. ಆ ಕೆಲವು ವರ್ಷ ಸ್ತಮಾತಾ ಚೆನ್ನಾಗಿ ನಿದ್ದೆ ಮಾಡಿದಳು. ತಂಗಿಯ ಮೇಲೆ ಪ್ರೀತಿಯೂ ಉಕ್ಕಿತು. ಒಣ ಅಂಜೂರದ ಡಬ್ಬಿ ಕಟ್ಟಿ ಅಥೆನ್ಸಿಗೆ ಕಳಿಸಿದಳು. ಪಾಗೋನಾ ಎರಡು ಬೇಸಿಗೆ ಕೀಮಿಗೆ ಬಂದು, ಗೂಡಂಗಡಿಯಲ್ಲಿ ಅಕ್ಕನ ಪಕ್ಕ ಖಾಲಿ ಪೆಟ್ಟಿಗೆಯ ಮೇಲೆ ಕೂತು ದಿನವೆಲ್ಲ ಅವಳನ್ನೇ ನೋಡುತ್ತಿದ್ದಳು. ಪಾಪ, ಹೋಗಲು ಬೇರೆ ಜಾಗವಿಲ್ಲ ಎಂದುಕೊಂಡಳು ಸ್ತಮಾತಾ.

ಪಾಗೋನಾಳಿಗೆ ಅರವತ್ತೊಂದಾದಾಗ ಯಾರೋ ಹೊಸ ನಿರ್ದೇಶಕಿ ಅವಳನ್ನು ಕರೆದಳು. ಸಿನಿಮಾದ ಮೊದಲ ಪ್ರದರ್ಶನ ಥೆಸ್ಸಲೋನಿಕಿಯಲ್ಲಿ. ಆ ಸಂಜೆ ಆರು ಗಂಟೆಗೆ ಗೂಡಂಗಡಿಯ ಫೋನು ಬಡಿದುಕೊಂಡಿತು. ಬೋಗುಣಿ, ಎಣ್ಣೆ ಬಾಟಲಿ ಎರಡೂ ಸಿಗರೇಟಿನ ಪೆಟ್ಟಿಗೆಗಳ ಹಿಂದೆ ಸದಾ ಸಿದ್ಧವಿರುತ್ತಿದ್ದವು.

"ಅಕ್ಕಾ, ಕೈಕಾಲು ನಡುಗ್ತಿದೆ. ಬೇಗ ತೆಗಿ. ಇನ್ನರ್ಧ ಗಂಟೇಲಿ ಶುರು."

"ತೆಗೀತೀನಿ ತಾಳೇ. ಪಾತ್ರ ಏನೂಂತ ನೀನು ಹೇಳ್ಲೇ ಇಲ್ವಲ್ಲ."

"ಗೂಡಂಗಡಿಯವಳು, ಅಕ್ಕ. ನಿನ್ ಹಾಗೇ ಕೂತ್ಕೋತೀನಿ, ನಿನ್ ಹಾಗೇ ಚಿಲ್ಲರೆ ಕೊಡ್ತೀನಿ. ಬಾಯಲ್ಲಿ ಕ್ಲಿಪ್ಪು ಕಚ್ಕೊಂಡೇ ಮಾತಾಡ್ತೀಯಲ್ಲ, ಅದನ್ನೂ ಮಾಡಿದೀನಿ. ಎರಡು ಬೇಸಿಗೆ ನಿನ್ ಪಕ್ಕ ಕೂತು ಕಲ್ತಿದ್ದು."

ಸ್ತಮಾತಾಳ ಹೊಟ್ಟೆಗೆ ಬೆಂಕಿ ಬಿತ್ತು. ಬೂಟು ಹೋಯಿತು, ಅಪ್ಪನ ಹೆಸರು ಹೋಯಿತು, ಈಗ ಗೂಡಂಗಡಿಯೂ ಹೋಯಿತೇ! ಬಾಯಲ್ಲಿದ್ದ ಕ್ಲಿಪ್ಪನ್ನೂ ಬಿಡಲಿಲ್ಲವಲ್ಲ ಈ ಮಾರಿ! ಇನ್ನು ಮೈಮೇಲಿನ ಚರ್ಮವೊಂದು ಬಾಕಿ. ಅವಳು ಬೋಗುಣಿಗೆ ನೀರು ಹಾಕಿದಳು. ಎಣ್ಣೆ ಬಾಟಲಿಯ ಬಿರಡೆ ತೆಗೆಯಲಿಲ್ಲ. ಮಂತ್ರ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಬೀಳಲಿ, ಒಂದು ಸಲವಾದರೂ ಎಲ್ಲರೆದುರು ಬೀಳಲಿ.

"ಆಯ್ತು. ಹೋಗು," ಎಂದಳು.

"ಆಯ್ತಾ?"

"ಆಯ್ತು ಅಂದ್ನಲ್ಲ."

ಫೋನಿಟ್ಟ ಮೇಲೆ ಆ ನೀರನ್ನು ರಸ್ತೆಗೆ ಚೆಲ್ಲಿ ಹೊತ್ತಿಗೆ ಮುಂಚೆಯೇ ಬಾಗಿಲು ಹಾಕಿದಳು.

ಮೂರನೆಯ ದಿನ ಬೆಳಿಗ್ಗೆ ಪೇಪರಿನ ಕಟ್ಟು ಬಿಚ್ಚಿದರೆ ಮೊದಲ ಪುಟದಲ್ಲೇ ತಂಗಿ. ಜನ ಎದ್ದು ನಿಂತು ಹತ್ತು ನಿಮಿಷ ಚಪ್ಪಾಳೆ ತಟ್ಟಿದರಂತೆ. ಲೀಡಾ ಅರ್ಗಿ ಇಂಥ ನಟಿಯೆಂದು ಇಷ್ಟು ದಿನ ಯಾರಿಗೂ ತಿಳಿದಿರಲಿಲ್ಲವಂತೆ. ಚಿತ್ರದಲ್ಲಿ ಅವಳಿಗೆ ಬಣ್ಣವಿಲ್ಲ, ಕೂದಲು ನೆರೆತಿದೆ, ಬಾಯಲ್ಲಿ ಕ್ಲಿಪ್ಪಿದೆ.

ಫ್ರೊಸೋ ಕನ್ನಡಕ ಏರಿಸಿಕೊಂಡು ನೋಡಿದಳು. "ಅಯ್ಯಯ್ಯೋ! ಇದು ನೀನಲ್ವೇನೇ? ನಿನ್ ಫೋಟೋ ಯಾಕ್ ಹಾಕಿದಾರೆ ಪೇಪರ್ನಲ್ಲಿ?"

ಸ್ತಮಾತಾ ಪೇಪರನ್ನು ಕಸಿದು ಮಡಚಿಟ್ಟಳು. ಎಣ್ಣೆ ಹಾಕದ ದಿನವೇ ತಂಗಿ ಎಲ್ಲಕ್ಕಿಂತ ಮೇಲೆ ಹತ್ತಿದ್ದಳು. ಹಾಗಾದರೆ ನಲವತ್ತು ವರ್ಷದ ಮಂತ್ರ ಯಾತಕ್ಕೆ? ಅವಳ ಏಳಿಗೆಯಲ್ಲಿ ತನ್ನದು ಅಂತ ಒಂದು ಹನಿಯೂ ಇಲ್ಲವೇ? ಆಗಲೇ ಫೋನು ಬಂತು.

"ಪೇಪರ್ ನೋಡ್ದೆ ಕಣೇ. ಚೆನ್ನಾಗ್ ಬಂದಿದೆ," ಎಂದಳು ಸ್ತಮಾತಾ.

"ಅಕ್ಕಾ, ಮೊನ್ನೆ ನೀನು ಆಕಳಿಸ್ಲಿಲ್ಲ."

"ಬರ್ಲಿಲ್ಲ. ದೃಷ್ಟಿ ಇರ್ಲಿಲ್ಲ, ಅದ್ಕೇ."

"ಬಿಡೇ ಸಾಕು. ನಿಂಗೆ ಯಾವತ್ತೂ ಬಂದಿಲ್ಲ. ಬರ್ತಿದ್ದಿದ್ದು ಅಪ್ಪಂಗೆ, ನೀನು ಅಪ್ಪನ ಹಾಗೆ ಮಾಡ್ತಿದ್ದೆ. ನಲವತ್ತು ವರ್ಷದಿಂದ ಇದೇ ಕಸುಬು ಮಾಡ್ತಿದೀನಿ, ನಟನೆ ಯಾವ್ದು ಅಂತ ನಂಗೆ ಗೊತ್ತಾಗಲ್ವಾ?"

ಸ್ತಮಾತಾಳ ಕಿವಿ ಬಿಸಿಯಾಯಿತು. "ಗೊತ್ತಿದ್ದೂ ಯಾಕೆ ಫೋನ್ ಮಾಡ್ತಿದ್ದೆ ಮತ್ತೆ?"

"ಇನ್ಯಾರಿಗೆ ಮಾಡ್ಲಿ? ನನ್ ಮೇಲೆ ಕಣ್ಣು ಹಾಕ್ತಿದ್ದೋಳೇ ನೀನು. ಹಾಕ್ದೋರೇ ತೆಗೀಬೇಕು ಅಂತ ಅಪ್ಪ ಹೇಳ್ತಿರ್ಲಿಲ್ವಾ? ಅಷ್ಟು ಹೊಟ್ಟೆಕಿಚ್ಚು ಇಟ್ಕೊಂಡೂ ನನಗೋಸ್ಕರ ಕಷ್ಟಪಟ್ಟು ಆಕಳಿಸ್ತಾಳಲ್ಲ ಅಂದ್ಕೋತಿದ್ದೆ. ಅದು ಕೇಳಿದ್ರೆ ಧೈರ್ಯ ಬರ್ತಿತ್ತು. ಮೊನ್ನೆ ನೀನು ಅದನ್ನೂ ಮಾಡ್ಲಿಲ್ಲ. ಕತ್ತಲಲ್ಲಿ ಕೂತು ಅಳ್ತಿದ್ದೆ ಅಕ್ಕ. ಚಪ್ಪಾಳೆ ಒಂದೂ ಕಿವಿಗೆ ಬೀಳ್ಲಿಲ್ಲ."

ತಪ್ಪಾಯಿತು ಅನ್ನಬೇಕಿತ್ತು. ಬೇರೆ ಯಾರಾದರೂ ಅನ್ನುತ್ತಿದ್ದರು. ಸ್ತಮಾತಾಳ ಮನಸ್ಸು ಮಾತ್ರ ಅದಕ್ಕೂ ಹಿಂದಿನ ಮಾತಿನಲ್ಲೇ ಸಿಕ್ಕಿಕೊಂಡಿತ್ತು. ಕೈಯಲ್ಲಿದ್ದ ಕ್ಲಿಪ್ಪನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತ ಕೇಳಿದಳು:

"ಆ ಆಕಳಿಕೆ... ಚೆನ್ನಾಗ್ ಮಾಡ್ತಿದ್ನೇನೇ?"

ಪಾಗೋನಾ ಅತ್ತುಕೊಂಡೇ ನಕ್ಕಳು. "ಹಾಳಾದೋಳೇ! ಸಿನಿಮಾದಲ್ಲೂ ಆ ಗೂಡಂಗಡಿಯವಳು ಒಂದು ಕಡೆ ಫೋನಲ್ಲಿ ದೃಷ್ಟಿ ತೆಗೀತಾಳೆ. ಹದಿನೇಳು ಸಲ ಶೂಟ್ ಮಾಡಿದ್ರು. ನಿನ್ ಥರ ಆಕಳಿಕೆ ಬರ್ಲೇ ಇಲ್ಲ. ಕೊನೆಗೆ ಆ ದೃಶ್ಯಾನೇ ಕಿತ್ತಾಕಿದ್ರು."

"ಹದಿನೇಳು ಸಲಾನಾ?"

"ಹದಿನೇಳು."

"ಫೋನಿಡ್ಬೇಡ, ತಾಳು," ಎಂದಳು ಸ್ತಮಾತಾ. ಪೆಟ್ಟಿಗೆಗಳ ಹಿಂದಿನಿಂದ ಬೋಗುಣಿ ಎಳೆದು ನೀರು ಹಾಕಿದಳು. ಎಣ್ಣೆಯ ಬಿರಡೆ ಬಿಚ್ಚಿ ಮೂರು ಹನಿ ಬಿಟ್ಟಳು. ಬಿದ್ದದ್ದೇ ತಡ ಎಣ್ಣೆ ಬೋಗುಣಿಯ ತುಂಬ ಹರಡಿತು. ಒಂದಕ್ಷರ ಬಿಡದೆ ಮಂತ್ರ ಹೇಳಿದಳು. ಆಮೇಲೆ ಸೆಟೆದು ಕೂತು, ಬಾಯಿಯನ್ನು ಅಗಲವಾಗಿ ತೆರೆದು, ಹದಿನೇಳು ಸಲಕ್ಕೂ ಬಾರದಿದ್ದದ್ದನ್ನು ಒಂದೇ ಸಲಕ್ಕೆ ಆಕಳಿಸಿದಳು. ಹಳೇ ಬಾಗಿಲಿನ ಆ ಸದ್ದು ಚೌಕದ ಆಚೆಗೂ ಕೇಳಿತು.

ಎದುರುಮನೆಯ ಹತ್ತಿರ ಹೋಗಿದ್ದ ಫ್ರೊಸೋ ತಿರುಗಿ ನೋಡಿ, "ಏನೇ ಅದು, ಬೆಳಿಗ್ಗೆ ಬೆಳಿಗ್ಗೇನೇ ನಿದ್ದೆನಾ?" ಎಂದು ಕೂಗಿದಳು.